ದೊಡ್ಡಕ್ಕ ಯಾರವಳು

ದೊಡ್ಡಕ್ಕ ಸತ್ತದ್ದು ಕೆಲಸದ ನಡುವೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಕುದಿಯುವ ನೀರಿನ ತೊಟ್ಟಿಯ ಮುಂದೆ, ಹಾಸಿಗೆ ಬಟ್ಟೆ ತಿರುವುವ ಉದ್ದನೆಯ ಕೋಲು ಕೈಯಲ್ಲಿ ಹಿಡಿದುಕೊಂಡೇ ಕುಸಿದಳು. ಕೋಲು ತೊಟ್ಟಿಯೊಳಗೆ ಬಿತ್ತು. ಅವಳು ಈಚೆ ಬಿದ್ದಳು. ಸದ್ಯ, ಕುದಿಯುವ ನೀರಿಗೆ ಬೀಳಲಿಲ್ಲವಲ್ಲ ಎಂದರು ಹೆಂಗಸರು. ಅಲ್ಲಿ ಸಮಾಧಾನ ಪಟ್ಟುಕೊಳ್ಳಲು ಬೇರೇನೂ ಇರಲಿಲ್ಲ.

ಆ ಕೋಣೆ ಆಸ್ಪತ್ರೆಯ ತಳದಲ್ಲಿತ್ತು. ಅಲ್ಲಿಗೆ ಸ್ಟ್ರೆಚರ್ ಇಳಿಸುವ ರೂಢಿಯಿರಲಿಲ್ಲ. ಮೇಲಿನಿಂದ ಇಳಿಯುತ್ತಿದ್ದದ್ದು ರಕ್ತ, ಕೀವು, ಹೇಲು ಮೆತ್ತಿದ ಬಟ್ಟೆಯ ಗಾಡಿ ಮಾತ್ರ. ಜೊತೆಯಲ್ಲಿ ಒಗೆಯುತ್ತಿದ್ದ ಚಿಕ್ಕಕ್ಕ ಒಂದು ಗಾಡಿಯಲ್ಲಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, ದೊಡ್ಡಕ್ಕನನ್ನು ಅದರಲ್ಲಿ ಮಲಗಿಸಿ, ಇಳಿಜಾರಿನಲ್ಲಿ ಮೇಲಕ್ಕೆ ಒಬ್ಬಳೇ ತಳ್ಳತೊಡಗಿದಳು. ಉಳಿದವರು ಹಿಂದಿನಿಂದ ಓಡಿ ಬಂದು ಕೈಹಾಕಿದರು. ಮೇಲೆ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮುಗಿದಿದೆ ಎಂದರು. ಗಾಡಿಯಿಂದ ವಾಸನೆ ಬರುತ್ತಿದೆ, ಇಲ್ಲಿಂದ ತೆಗೆಯಿರಿ ಎಂದೂ ಹೇಳಿದರು.

ಶವಾಗಾರದ ಅಧಿಕಾರಿ ಕೆಟ್ಟವನಲ್ಲ. ಚಿಕ್ಕಕ್ಕನಿಗೆ ಕೂರಲು ಸ್ಟೂಲು ಕೊಟ್ಟ. ಕುಡಿಯಲು ನೀರು ತರಿಸಿದ. ಆಮೇಲೆ ಕೇಳಿದ.

"ನೀನು ಅವಳಿಗೆ ಏನಾಗಬೇಕಮ್ಮ?"

ಚಿಕ್ಕಕ್ಕ ನೀರಿನ ಲೋಟ ಕೆಳಗಿಟ್ಟಳು. ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಜೊತೆಗಿದ್ದೋಳು ಸಾರ್. ಒಂದೇ ಮನೆ, ಒಂದೇ ಒಲೆ."

"ಒಡಹುಟ್ಟಿದವಳಾ?"

"ಅಲ್ಲ."

"ಮತ್ತೆ? ನಾದಿನಿ, ವಾರಗಿತ್ತಿ, ಏನಾದರೂ?"

"ಏನೂ ಅಲ್ಲ ಸಾರ್. ಅಕ್ಕ ಅಂತಿದ್ದೆ."

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. ಹೆಣವನ್ನು ರಕ್ತಸಂಬಂಧದವರಿಗೆ, ಇಲ್ಲವೇ ಕಾನೂನು ಪ್ರಕಾರ ಕಟ್ಟಿಕೊಂಡ ಗಂಡನಿಗೆ ಮಾತ್ರ ಕೊಡಬಹುದು, ಅಂಥವರು ಯಾರೂ ಬರದಿದ್ದರೆ ವೈದ್ಯಕೀಯ ಕಾಲೇಜಿಗೆ ಕಳಿಸುವುದು ನಿಯಮ ಎಂದು ವಿವರಿಸಿದ. ಕಾಲೇಜು ಅಂದರೆ ಆಸ್ಪತ್ರೆಯ ಹಿಂದಿನ ಕಟ್ಟಡ. ಅಲ್ಲಿ ಹೆಣ ಕೊಯ್ದು ಪಾಠ ಕಲಿಯುವ ಹಾಲ್ ಇದೆ. ಚಿಕ್ಕಕ್ಕನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಹಾಲ್‌ನ ಬಟ್ಟೆಯೂ ಇವರ ತೊಟ್ಟಿಗೇ ಬರುತ್ತಿತ್ತು. ಆ ಗಾಡಿ ಬಂದ ದಿನ, ಹೆಣ ಕೆಡದಂತೆ ಹಾಕುವ ಮದ್ದಿನ ಘಾಟಿಗೆ ಕಣ್ಣು ಉರಿಯುತ್ತಿತ್ತು. ಬಟ್ಟೆ ಕೊಡವಿದರೆ ಒಮ್ಮೊಮ್ಮೆ ಏನೇನೋ ಉದುರುತ್ತಿತ್ತು. ಕೂದಲು, ಚರ್ಮದ ಚೂರು. ದೊಡ್ಡಕ್ಕ ಅದನ್ನು ಬಚ್ಚಲಿಗೆ ಬಿಡುತ್ತಿರಲಿಲ್ಲ. ಒಂದು ಬಟ್ಟೆ ತುಂಡಿನಲ್ಲಿ ಕಟ್ಟಿ, ಸಂಜೆ ಮನೆಗೆ ಹೋಗುವಾಗ ದಾರಿಯ ಮರದ ಬುಡದಲ್ಲಿ ಮಣ್ಣು ಕೆದಕಿ ಮುಚ್ಚುತ್ತಿದ್ದಳು. ಯಾರ ಮಗಳೋ ಯಾರ ಅಪ್ಪನೋ ಅನ್ನುತ್ತಿದ್ದಳು. ಒಂದು ಸಲ ಮಾತ್ರ, ಕೈ ತೊಳೆಯುತ್ತಾ, ನನ್ನನ್ನ ಮಾತ್ರ ಆ ಹಾಲ್‌ಗೆ ಬಿಡಬೇಡ ಕಣೇ ಎಂದಿದ್ದಳು. ಚಿಕ್ಕಕ್ಕ ನಕ್ಕು, ನಿನ್ನನ್ನ ಕೊಯ್ಯೋಕೆ ಅವರ ಚಾಕು ಮುರಿದುಹೋಗತ್ತೆ ಬಿಡು ಅಂದಿದ್ದಳು.

ಇಬ್ಬರೂ ಕೆಳಗಿನ ಕೇರಿಯವರು. ಊರಿನ ಕೊಳೆಯೆಲ್ಲ ಅವರ ಕೈಗೆ ಎಂದು ಯಾವ ಕಾಲದಲ್ಲೋ ಗೊತ್ತುಮಾಡಿಟ್ಟ ಕೇರಿ. ಚಿಕ್ಕಕ್ಕ ದೊಡ್ಡಕ್ಕನ ಮನೆಗೆ ಬಂದಾಗ ಇನ್ನೂ ಹುಡುಗಿ. ಗಂಡ ಸತ್ತಿದ್ದ. ತುಂಬಿದ ಬಸುರಿಯನ್ನು ಅತ್ತೆ ಮನೆಯವರು ಹೊರಗೆ ಹಾಕಿದ್ದರು. ದೊಡ್ಡಕ್ಕ ಬೀದಿಯಲ್ಲಿ ನಿಂತಿದ್ದವಳ ಕೈ ಹಿಡಿದು, ಬಾ, ಒಳಗೆ ಬಾ ಎಂದಳು. ಅಷ್ಟೇ. ಎಷ್ಟು ದಿನಕ್ಕೆ ಎಂದು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಮಗು ಸತ್ತೇ ಹುಟ್ಟಿತು. ಹೆಸರಿಲ್ಲದ ಕೂಸಿಗೆಲ್ಲ ಜಾಗವಿಲ್ಲ ಎಂದು ಮಸಣದ ಕಾವಲುಗಾರ ಬಾಗಿಲು ತೆಗೆಯಲಿಲ್ಲ. ದೊಡ್ಡಕ್ಕ ಗೋಡೆಯ ಹೊರಗೆ, ಕಲ್ಲು ನೆಲದಲ್ಲಿ, ಹಾರೆಯೂ ಇಲ್ಲದೆ ತಗಡಿನ ಚೂರಿನಿಂದ ಗುಂಡಿ ತೋಡಿದಳು. ಉಗುರು ಕಿತ್ತು ಬಂದವು. ಆ ಬೆರಳುಗಳನ್ನೇ ಮರುದಿನ ಸೋಪಿನ ನೀರಿಗೆ ಅದ್ದಿದಳು.

ಆಮೇಲೆ ಇಬ್ಬರೂ ಒಂದೇ ಕೆಲಸಕ್ಕೆ ಹೋದರು. ಒಬ್ಬಳು ಕುದಿಸಿದರೆ ಇನ್ನೊಬ್ಬಳು ಜಾಲಿಸಿದಳು. ನೀರಲ್ಲಿ ನೆನೆದ ಹಾಸಿಗೆ ಬಟ್ಟೆ ಹಿಂಡಲು ಇಬ್ಬರು ಬೇಕು, ಒಬ್ಬರು ಆ ತುದಿ, ಒಬ್ಬರು ಈ ತುದಿ. ಹಾಗೇ ಹಿಂಡುತ್ತಾ ಇಬ್ಬರ ಕೂದಲೂ ಬೆಳ್ಳಗಾದವು. ಜಗಳ ಆಡಿದರೆ ಕೇರಿಗೆಲ್ಲ ಕೇಳುತ್ತಿತ್ತು. ಆಡದಿದ್ದರೆ ಏನಾಯಿತೋ ಎಂದು ಪಕ್ಕದ ಮನೆಯವರು ಬಂದು ಇಣುಕುತ್ತಿದ್ದರು. ಕೆಲಸಕ್ಕೆ ಹೊಸದಾಗಿ ಬಂದ ಹೆಂಗಸರು ಇಬ್ಬರನ್ನೂ ಅಕ್ಕತಂಗಿಯರೆಂದೇ ತಿಳಿದಿದ್ದರು. ದೊಡ್ಡಕ್ಕ, ಚಿಕ್ಕಕ್ಕ ಎಂಬ ಹೆಸರೂ ಹಾಗೆ ಬಿದ್ದದ್ದೇ.

ದೊಡ್ಡಕ್ಕನಿಗೆ ಒಬ್ಬ ಅಣ್ಣ ಇದ್ದ. ಆಸ್ಪತ್ರೆಯವರು ಅವನನ್ನು ಹುಡುಕಿ ತೆಗೆದರು. ಚಿಕ್ಕಕ್ಕ ಅವನನ್ನು ನೋಡಿರಲೇ ಇಲ್ಲ. ಹರೆಯದಲ್ಲೇ ಕೇರಿ ಬಿಟ್ಟು, ಊರಿನ ಆಚೆ ಕೊನೆಗೆ ಹೋಗಿ, ಹೆಸರು ಬದಲಿಸಿ, ಎಲ್ಲಿಂದ ಬಂದೆ ಎಂಬುದನ್ನು ಮುಚ್ಚಿಟ್ಟು ದೊಡ್ಡ ಅಂಗಡಿ ಇಟ್ಟವನು. ಒಮ್ಮೆ ತಂಗಿ ನೋಡಲು ಹೋದಾಗ, ಅಂಗಡಿ ಮೆಟ್ಟಿಲಲ್ಲೇ ತಡೆದು, ಭಿಕ್ಷೆಯವಳಿಗೆ ಕೊಡುವಂತೆ ಕೈಗೆ ಏನೋ ತುರುಕಿ ಕಳಿಸಿದ್ದನಂತೆ. ದೊಡ್ಡಕ್ಕ ಅದನ್ನು ಮೆಟ್ಟಿಲ ಮೇಲೇ ಇಟ್ಟು ಬಂದಿದ್ದಳು. ಮತ್ತೆ ಹೋಗಲಿಲ್ಲ.

ಅವನು ಇಸ್ತ್ರಿಯ ಬಟ್ಟೆ ಹಾಕಿಕೊಂಡು ಬಂದ. ಹೆಣದ ಮುಖ ನೋಡುತ್ತೀರಾ ಎಂದು ಅಧಿಕಾರಿ ಕೇಳಿದ್ದಕ್ಕೆ ಬೇಡ ಎಂದು ತಲೆಯಾಡಿಸಿದ. ನಾನು ಒಯ್ಯುವುದಿಲ್ಲ, ಕಾಲೇಜಿಗೇ ಕೊಡಿ, ವಿದ್ಯೆಗೆ ಉಪಯೋಗವಾಗಲಿ ಎಂದು ಸಹಿ ಹಾಕಿದ. ಅಧಿಕಾರಿ ಎದ್ದು ನಿಂತು ಕೈ ಕುಲುಕಿ, ದೊಡ್ಡ ಮನಸ್ಸು ನಿಮ್ಮದು ಎಂದ. ಬಾಗಿಲ ಹೊರಗೆ ನಿಂತಿದ್ದ ಚಿಕ್ಕಕ್ಕ ಕೇಳಿಸಿಕೊಂಡಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನಿಗೆ ಅಡ್ಡ ನಿಂತಳು. ಮುಖ ಥೇಟ್ ದೊಡ್ಡಕ್ಕನದೇ. ಅದೇ ಹಣೆ, ಅದೇ ಬಾಗಿದ ಹುಬ್ಬು. ಬೈಯಬೇಕೆಂದು ಬಂದವಳು ಆ ಮುಖ ನೋಡಿ ಬೇಡಿಕೊಂಡಳು.

"ಅಣ್ಣಾ, ನೀವು ಒಯ್ಯಬೇಡಿ. ನನಗೆ ಕೊಡ್ಸಿ. ನಿಮ್ಮ ಹೆಸರು ಎಲ್ಲೂ ಬರಲ್ಲ."

ಅವನು ಆಚೀಚೆ ನೋಡಿದ. "ನನ್ನ ಮಗಳಿಗೆ ಮದುವೆ ಗೊತ್ತಾಗಿದೆ. ನಾನು ಹೆಣ ಬಿಡಿಸಿಕೊಂಡು ನಿಮ್ಮ ಕೈಗೆ ಕೊಟ್ಟೆ ಅಂದ್ರೆ, ಯಾಕೆ ಕೊಟ್ಟ, ಇವನು ಅವರಿಗೇನಾಗಬೇಕು ಅಂತ ಕೇಳ್ತಾರೆ. ಕಾಲೇಜಿಗೆ ಕೊಟ್ಟರೆ ಯಾರೂ ಏನೂ ಕೇಳಲ್ಲ."

"ಅವಳನ್ನ ಕೊಯ್ತಾರೆ ಅಣ್ಣಾ."

"ಗೊತ್ತು," ಎಂದ. ಕಣ್ಣು ಒದ್ದೆಯಾದವು. ಒರೆಸಿಕೊಳ್ಳದೆ ಹೊರಟು ಹೋದ. ಆ ಮನುಷ್ಯನೂ ಬದುಕಿಡೀ ಹೆದರಿ ಹೆದರಿ ಸತ್ತವನೇ ಎಂದು ಚಿಕ್ಕಕ್ಕನಿಗೆ ಅನ್ನಿಸಿತು. ಅನ್ನಿಸಿ ಏನು ಬಂತು. ಅವನ ಸಹಿ ಮೇಜಿನ ಮೇಲಿತ್ತು.

ಒಗೆಯುವ ಹೆಂಗಸರು ಸೇರಿ ಒಬ್ಬ ವಕೀಲಮ್ಮನನ್ನು ಕರೆತಂದರು. ಇನ್ನೂ ಚಿಕ್ಕ ವಯಸ್ಸು. ಹಗಲು ಕೋರ್ಟು, ಸಂಜೆ ಕಾನೂನು ಕಾಲೇಜಿನಲ್ಲಿ ಪಾಠ. ಅವಳು ಒಗೆಯುವ ಕೋಣೆಗೇ ಬಂದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಆವಿಯಲ್ಲಿ ಬೆವರುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, ಬರೆದಿರುವ ಕಾನೂನು ನಮ್ಮ ಕಡೆಗಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ ಎಂದಳು.

ಮತ್ತೆ ಯಾವ ಕಾನೂನು ನಮ್ಮ ಕಡೆಗಿದೆ ಎಂದು ಹೆಂಗಸರು ಕೇಳಿದರು.

ವಕೀಲಮ್ಮ ಹಣೆ ಒರೆಸಿಕೊಂಡು ಹೇಳತೊಡಗಿದಳು. ಕಾನೂನು ಅಂದರೆ ಏನು ಎಂಬುದರ ಬಗ್ಗೆಯೇ ಓದಿದವರಲ್ಲಿ ಎರಡು ಪಕ್ಷ. ಒಂದು ಪಕ್ಷದವರು ಹೇಳುತ್ತಾರೆ, ಅಧಿಕಾರ ಇರುವವರು ಕ್ರಮವಾಗಿ ಮಾಡಿ ಹೊರಡಿಸಿದ್ದೇ ಕಾನೂನು. ಅದು ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಪ್ರಶ್ನೆ. ಕೆಟ್ಟದ್ದಾದರೆ ಬದಲಿಸಿ, ಆದರೆ ಬದಲಿಸುವವರೆಗೆ ಅದು ಕಾನೂನೇ. ಇನ್ನೊಂದು ಪಕ್ಷದವರು ಹೇಳುತ್ತಾರೆ, ಮನುಷ್ಯನ ಜೊತೆಗೇ ಹುಟ್ಟಿಬಂದ ನ್ಯಾಯ ಒಂದಿದೆ. ಯಾವ ರಾಜನೂ ಅದನ್ನು ಮಾಡಿದ್ದಲ್ಲ, ಯಾವ ರಾಜನೂ ಅದನ್ನು ಅಳಿಸಲಾರ. ಅದಕ್ಕೆ ತೀರಾ ವಿರುದ್ಧವಾದದ್ದನ್ನು ಎಷ್ಟು ಸಲ ಅಚ್ಚು ಹಾಕಿಸಿದರೂ ಅದು ಕಾನೂನಾಗುವುದಿಲ್ಲ. ಮೊದಲನೆಯದು ಮನುಷ್ಯ ಮಾಡಿದ ಕಾನೂನು. ಎರಡನೆಯದು ನಿಸರ್ಗದ ಕಾನೂನು.

"ನಮ್ಮ ಕಾಲೇಜಲ್ಲಿ ಇದು ಪ್ರತಿ ವರ್ಷ ಬರೋ ಪ್ರಶ್ನೆ," ಎಂದು ಸಣ್ಣಗೆ ನಕ್ಕಳು. "ಎರಡನ್ನೂ ಹೋಲಿಸಿ ಬರೆಯಿರಿ ಅಂತ. ಹುಡುಗರು ಎರಡು ಪುಟ ಬರೆದು ಪಾಸಾಗ್ತಾರೆ. ನಾನು ಕೋರ್ಟಲ್ಲಿ ಎರಡನೇದನ್ನ ಹಿಡಿದು ವಾದ ಮಾಡ್ತೀನಿ. ಜೊತೆಗೆ ಉಂಡು ಬದುಕಿದವರನ್ನ ಮಣ್ಣು ಮಾಡೋ ಹಕ್ಕು ನಿಸರ್ಗ ಕೊಟ್ಟದ್ದು ಅಂತ."

ಚಿಕ್ಕಕ್ಕ ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಿದಳು.

"ಆ ನಿಸರ್ಗದ ಹೆಸರು ಎತ್ತಬೇಡಿ ವಕೀಲಮ್ಮ."

"ಯಾಕಕ್ಕಾ?"

"ನಮ್ಮಜ್ಜಿ ಮೇಲಿನ ಬೀದಿ ನಲ್ಲಿ ಮುಟ್ಟಿದ್ದಕ್ಕೆ ಬಾರುಕೋಲಲ್ಲಿ ಹೊಡೆದರು. ಹೊಡೆಯೋವಾಗ ಇದೇ ಮಾತು. ಬೆಂಕಿ ಮೇಲಕ್ಕೆ ಹೋಗತ್ತೆ, ನೀರು ಕೆಳಕ್ಕೆ ಹರಿಯತ್ತೆ, ನೀವು ಕೆಳಗಿರ್ತೀರಿ, ಅದು ನಿಸರ್ಗ ಅಂತ. ಅದನ್ನ ಯಾರೂ ಬರೆದಿರಲಿಲ್ಲ. ಬರೆಯೋದೇ ಬೇಕಿರಲಿಲ್ಲ. ಆಮೇಲೆ ಎಲ್ಲೋ ಯಾರೋ ಕೂತು ಬರೆದರು, ನಲ್ಲಿ ಎಲ್ಲರದ್ದು ಅಂತ. ಬರೆದ ಮೇಲೆ ನಮ್ಮಮ್ಮ ನೀರು ತಂದಳು. ಬರೆದಿದ್ದೇ ನಮ್ಮನ್ನ ಕಾಯ್ತು."

ವಕೀಲಮ್ಮ ಬಕೆಟ್ಟನ್ನು ಚಿಕ್ಕಕ್ಕನ ಹತ್ತಿರಕ್ಕೆ ಎಳೆದು ಕೂತಳು. ಆಮೇಲೆ ಕೇಳಿದಳು.

"ನಲ್ಲಿ ಎಲ್ಲರದ್ದು ಅಂತ ಬರೆದವರಿಗೆ ಆ ಮಾತು ಎಲ್ಲಿಂದ ಬಂತಕ್ಕಾ? ಅವತ್ತು ಅದು ಯಾವ ಪುಸ್ತಕದಲ್ಲೂ ಇರಲಿಲ್ಲ ಅಲ್ವಾ?"

ಚಿಕ್ಕಕ್ಕ ಯೋಚಿಸಿದಳು. ಅಜ್ಜಿಯ ಬೆನ್ನ ಮೇಲಿನ ಬರೆಗಳು ನೆನಪಾದವು. ಸ್ನಾನ ಮಾಡಿಸುವಾಗ ಬೆರಳಿಗೆ ಸಿಗುತ್ತಿದ್ದ ಗಂಟುಗಳು.

"ಹೊಡೆತ ತಿಂದೋರಿಂದ ಬಂದಿರಬೇಕು," ಎಂದಳು.

"ನಾನು ಹಿಡಿಯೋದು ಆ ಮಾತನ್ನೇ. ಅದಕ್ಕೆ ಬೇಕಾದ್ರೆ ಬೇರೆ ಹೆಸರಿಡೋಣ," ಎಂದಳು ವಕೀಲಮ್ಮ.

ಹಾಗೆ ಅರ್ಜಿ ಹೋಯಿತು. ಕೋರ್ಟಿನ ಕಾರಿಡಾರಿನಲ್ಲಿ ಚಿಕ್ಕಕ್ಕ ದಿನವಿಡೀ ನಿಂತಳು. ಬೆಂಚಿನಲ್ಲಿ ಜಾಗವಿತ್ತು. ಕೂತರೆ ಪಕ್ಕದವರು ಸರಿದು ಕೂರುತ್ತಿದ್ದರು. ಸೋಡಾ, ಬ್ಲೀಚು, ಮದ್ದಿನ ವಾಸನೆ ಅವಳ ಚರ್ಮದೊಳಗೇ ಸೇರಿಹೋಗಿತ್ತು. ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ. ಅದಕ್ಕೇ ನಿಂತಳು.

ವಕೀಲಮ್ಮ ಚೆನ್ನಾಗಿಯೇ ವಾದ ಮಾಡಿದಳು. ರಾಜ್ಯ, ಸರ್ಕಾರ, ಕೋರ್ಟು ಇವೆಲ್ಲ ಹುಟ್ಟುವ ಮೊದಲೇ ಮನುಷ್ಯರು ತಮ್ಮವರನ್ನು ಮಣ್ಣು ಮಾಡುತ್ತಿದ್ದರು, ತಮ್ಮವರು ಯಾರು ಎಂಬುದನ್ನು ಆಗ ಯಾವ ಕಚೇರಿಯೂ ಗೊತ್ತುಮಾಡುತ್ತಿರಲಿಲ್ಲ, ಆ ಹಕ್ಕು ಕಾನೂನಿಗಿಂತ ಹಿರಿಯದು ಎಂದಳು. ಸರ್ಕಾರಿ ವಕೀಲ ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದೆ ದಲ್ಲಾಳಿಗಳು ಜೊತೆಗಿದ್ದವರು, ಅಕ್ಕ, ಚಿಕ್ಕಪ್ಪ ಎಂದು ಹೇಳಿಕೊಂಡು ಬಂದು ಬಡವರ ಹೆಣಗಳನ್ನು ಒಯ್ದು ಮಾರುತ್ತಿದ್ದರು, ಅದನ್ನು ತಡೆಯಲೆಂದೇ ರಕ್ತಸಂಬಂಧದ ನಿಯಮ ಬಂದದ್ದು, ಇವರಂಥವರನ್ನು ಕಾಯಲೆಂದೇ ಬಂದದ್ದು ಎಂದ. ಹೃದಯ ಹೇಳುತ್ತದೆ ಎಂದು ನಿಯಮ ಬಿಟ್ಟರೆ, ನಾಳೆ ಯಾರ ಹೃದಯ ಏನು ಹೇಳುತ್ತದೋ ಯಾರಿಗೆ ಗೊತ್ತು ಎಂದ.

ಅವನು ಸುಳ್ಳು ಹೇಳಿರಲಿಲ್ಲ. ಕೇರಿಯಲ್ಲಿ ಹಾಗೆ ಹೆಣ ಕಳೆದುಕೊಂಡವರ ಕಥೆ ಚಿಕ್ಕಕ್ಕನೂ ಕೇಳಿದ್ದಳು. ತಮ್ಮನ್ನು ಕಾಯಲು ಹಾಕಿದ ಬೇಲಿಯೇ ಈಗ ತನ್ನ ಕುತ್ತಿಗೆಗೆ ಸಿಕ್ಕಿಕೊಂಡಿತ್ತು.

ನ್ಯಾಯಾಧೀಶರು ನೀವೇನಾದರೂ ಹೇಳುವುದಿದೆಯೇ ಎಂದು ಅವಳನ್ನು ಕೇಳಿದರು. ಹಾಗೆ ಕೇಳುವ ರೂಢಿಯಿಲ್ಲವಂತೆ. ಆದರೂ ಕೇಳಿದರು. ಚಿಕ್ಕಕ್ಕ ಕಟಕಟೆ ಹಿಡಿದು ನಿಂತಳು.

"ನನ್ನ ಮಗು ಸತ್ತು ಹುಟ್ಟಿತ್ತು ಸ್ವಾಮಿ. ಅವಳು ಮಣ್ಣು ಮಾಡಿದಳು. ತಗಡಿನ ಚೂರಲ್ಲಿ ತೋಡಿ. ಅವತ್ತು ಯಾರೂ ಅವಳನ್ನ, ಈ ಮಗುವಿಗೆ ನೀನೇನಾಗಬೇಕು ಅಂತ ಕೇಳಲಿಲ್ಲ. ಕೇಳಿದ್ದರೆ ನನ್ನ ಮಗು ಬೀದಿ ನಾಯಿ ಪಾಲಾಗ್ತಿತ್ತು."

ಅಷ್ಟೇ ಹೇಳಿದಳು.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ತೀರ್ಪು ಓದುವಾಗ ಅವರ ದನಿ ಮೆತ್ತಗಿತ್ತು. ಈ ಹೆಂಗಸಿನ ದುಃಖ ನಿಜವಾದದ್ದು ಎಂದರು. ಆದರೆ ನಿಯಮದ ಮಾತು ಸ್ಪಷ್ಟವಾಗಿದೆ, ರಕ್ತಸಂಬಂಧಿ ಬಂದು ಒಪ್ಪಿಗೆಯನ್ನೂ ಕೊಟ್ಟಿದ್ದಾನೆ, ನಾನು ಕಾನೂನನ್ನು ಓದುವವನು, ಮಾಡುವವನಲ್ಲ, ನನಗೆ ಸರಿ ಕಂಡಂತೆಲ್ಲ ಮಾಡತೊಡಗಿದರೆ ನಾನು ನ್ಯಾಯಾಧೀಶನಾಗಿ ಉಳಿಯುವುದಿಲ್ಲ, ಬೇಕಾದವರು ಕಾನೂನು ಬದಲಿಸಲಿ ಎಂದರು. ಅರ್ಜಿ ವಜಾ. ಮೇಲಿನ ಕೋರ್ಟು ತೀರ್ಮಾನಿಸುವವರೆಗೆ ಹೆಣ ಮುಟ್ಟದಂತೆ ತಡೆ ಕೊಡಿ ಎಂದು ವಕೀಲಮ್ಮ ಬೇಡಿಕೊಂಡಳು. ಅದೂ ಸಿಗಲಿಲ್ಲ.

ಹೆಣ ಸಾಗಿಸುವ ದಿನ ಹೆಂಗಸರೆಲ್ಲ ಕಾರಿಡಾರಿನಲ್ಲಿ ಸಾಲಾಗಿ ಕೂತರು. ಪೊಲೀಸರು ಬಂದರು. ಹೆಣ್ಣು ಪೊಲೀಸರು ಕೈಗವಸು ಹಾಕಿಕೊಂಡು ಎತ್ತಿದರು, ಮುಟ್ಟಬಾರದ್ದನ್ನು ಮುಟ್ಟುವ ಹಾಗೆ. ಚಿಕ್ಕಕ್ಕನನ್ನು ಎರಡೂ ತೋಳು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದರು. ಅವಳ ಮುಂದೆಯೇ ಚಕ್ರದ ಸ್ಟ್ರೆಚರ್ ಹಾದುಹೋಯಿತು. ಮೇಲೆ ಹೊದಿಸಿದ್ದ ಬಟ್ಟೆಯ ಅಂಚಿನಿಂದ ಒಂದು ಕಾಲು ಹೊರಗೆ ಬಂದಿತ್ತು. ನೀರಲ್ಲಿ ನಿಂತು ನಿಂತು ಒಡೆದ ಹಿಮ್ಮಡಿ. ಪ್ರತಿ ದಿನ ಸಂಜೆ ಚಿಕ್ಕಕ್ಕ ಎಣ್ಣೆ ಹಚ್ಚುತ್ತಿದ್ದ ಹಿಮ್ಮಡಿ. ಅವಳು ಕೈ ಚಾಚಿದಳು. ಸಿಗಲಿಲ್ಲ.

ಮರುದಿನ ಕೆಲಸಕ್ಕೆ ಬಂದಳು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಮೇಲಿನಿಂದ ಗಾಡಿಗಳು ಇಳಿದವು. ಹೆರಿಗೆ ವಾರ್ಡಿನದು, ಸುಟ್ಟ ಗಾಯದ ವಾರ್ಡಿನದು, ಮಕ್ಕಳ ವಾರ್ಡಿನದು. ಕೊನೆಗೆ ಹಾಲ್‌ನ ಗಾಡಿ. ಮದ್ದಿನ ಘಾಟು ಮೊದಲು ಬಂತು, ಗಾಡಿ ಆಮೇಲೆ ಬಂತು.

ಹೆಂಗಸರು ಚಿಕ್ಕಕ್ಕನ ಮುಖ ನೋಡಿದರು. ಎಲ್ಲ ಬಿಟ್ಟು ಎದ್ದುಬಿಡೋಣ, ಆಸ್ಪತ್ರೆ ನಾರಲಿ ಎಂದಳು ಒಬ್ಬಳು. ಚಿಕ್ಕಕ್ಕ ಬೇಡ ಎಂದಳು. ಮೇಲೆ ಹೆತ್ತು ಮಲಗಿರುವವರು ನಮ್ಮವರೇ, ಅವರನ್ನು ಕೊಳಕು ಬಟ್ಟೆಯ ಮೇಲೆ ಮಲಗಿಸಿ ನನಗೇನೂ ಸಿಗಬೇಕಾಗಿಲ್ಲ ಎಂದಳು. ವಾರ್ಡಿನ ಬಟ್ಟೆಯನ್ನೆಲ್ಲ ಕುದಿಸಿದಳು, ಜಾಲಿಸಿದಳು. ಹಿಂಡಲು ಆ ತುದಿ ಹಿಡಿಯಲು ಬೇರೊಬ್ಬಳು ಬಂದು ನಿಂತಳು. ಅವಳ ಕೈಗೆ ಚಿಕ್ಕಕ್ಕನ ಲಯ ಗೊತ್ತಿರಲಿಲ್ಲ. ಬಟ್ಟೆ ಮತ್ತೆ ಮತ್ತೆ ಜಾರಿತು. ಆಗ ಮೊದಲ ಸಲ ಚಿಕ್ಕಕ್ಕ ಅತ್ತಳು. ಆವಿಯಲ್ಲಿ ಯಾರಿಗೂ ಕಾಣಲಿಲ್ಲ.

ಹಾಲ್‌ನ ಗಾಡಿಯನ್ನು ಮಾತ್ರ ಅವಳು ಮುಟ್ಟಲಿಲ್ಲ. ಉಳಿದವರೂ ಮುಟ್ಟಲಿಲ್ಲ. ಗಾಡಿ ಅಲ್ಲೇ ನಿಂತಿತು. ಅದರ ಹಿಂದೆ ಇನ್ನೊಂದು ಬಂದು ನಿಂತಿತು. ಮೇಲ್ವಿಚಾರಕ ಬಂದ. ಇದು ಅಗತ್ಯ ಸೇವೆ, ಕೆಲಸ ನಿಲ್ಲಿಸುವುದು ಕಾನೂನಿಗೆ ವಿರುದ್ಧ, ಕೆಲಸ ಹೋಗುತ್ತದೆ, ಜೈಲೂ ಆಗಬಹುದು ಎಂದು ಹೇಳಿದ.

"ಕಾನೂನಿಗೆ ವಿರುದ್ಧ ಅಂತ ಗೊತ್ತು ಸಾರ್," ಎಂದಳು ಚಿಕ್ಕಕ್ಕ. "ಗೊತ್ತಿದ್ದೇ ಒಗೀತಿಲ್ಲ. ಏನು ಶಿಕ್ಷೆ ಇದೆಯೋ ಕೊಡಿ."

"ಬೇರೆ ಎಲ್ಲಾ ಒಗೀತೀಯ. ಇದನ್ನ ಒಗೆಯೋಕೇನು?"

"ಅದರಲ್ಲಿ ನಮ್ಮ ಅಕ್ಕ ಇದ್ದಾಳೆ."

ಮೇಲ್ವಿಚಾರಕ ಗಾಡಿಯ ಕಡೆ ನೋಡಿದ. ನೋಡಬಾರದಿತ್ತು ಎಂಬಂತೆ ಮುಖ ತಿರುಗಿಸಿದ. ಅವತ್ತೇ ಚಿಕ್ಕಕ್ಕನ ಕೆಲಸ ಹೋಯಿತು. ಉಳಿದವರನ್ನು ಹೆದರಿಸಿ ನೋಡಿದರು. ಅವರು ಹಾಲ್‌ನ ಬಟ್ಟೆ ಮುಟ್ಟಲೇ ಇಲ್ಲ. ಕೊನೆಗೆ ಕಾಲೇಜಿನವರು ಅದನ್ನು ಬೇರೆ ಎಲ್ಲಿಗೋ ಕಳಿಸತೊಡಗಿದರು. ಎಲ್ಲಿಗೆ ಕಳಿಸಿದರೇನು, ಅಲ್ಲೂ ಕೆಳಗಿನ ಕೇರಿಯ ಕೈಗಳೇ ಇದ್ದಿರಬೇಕು.

ಚಿಕ್ಕಕ್ಕ ಮನೆಮನೆಯ ಪಾತ್ರೆ ತೊಳೆದು ದಿನ ದೂಡಿದಳು. ಎರಡು ಚಾಪೆ ಹಾಸುವ ಅಭ್ಯಾಸ ಬಿಡಲು ಬಹಳ ದಿನ ಬೇಕಾಯಿತು. ವಕೀಲಮ್ಮ ಮೇಲಿನ ಕೋರ್ಟಿಗೆ ಹೋಗಿದ್ದಳು. ಆಗಾಗ ಬಂದು, ಇನ್ನೂ ಆಗಿಲ್ಲ ಅಕ್ಕಾ ಎಂದು ಹೇಳಿ, ಬಾಗಿಲಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಬೇಸಗೆ ಕಳೆಯಿತು, ಮಳೆ ಕಳೆಯಿತು. ಹಾಲ್‌ನಲ್ಲಿ ಹುಡುಗರ ಪಾಠ ನಡೆಯುತ್ತಲೇ ಇತ್ತು.

ಒಂದು ದಿನ ವಕೀಲಮ್ಮ ಓಡುತ್ತಲೇ ಬಂದಳು. ಗೆದ್ದೆವು ಎಂದಳು. ಹೇಳುವಾಗಲೇ ಅವಳ ಮುಖ ಇಳಿದುಹೋಯಿತು. ಮೇಲಿನ ಕೋರ್ಟು, ರಕ್ತಸಂಬಂಧ ಎಂಬ ಮಾತನ್ನು ಕುರುಡಾಗಿ ಓದಬಾರದು, ಬದುಕಿಡೀ ಜೊತೆಗಿದ್ದು ಸಾಕಿದವರೂ ಸಂಬಂಧಿಗಳೇ, ದೂರ ತಳ್ಳಿದವನ ಸಹಿ ಅವರ ಹಕ್ಕನ್ನು ಕಿತ್ತುಕೊಳ್ಳಲಾರದು ಎಂದಿತ್ತಂತೆ. ಇನ್ನು ಮುಂದೆ ಯಾರಿಗೂ ಹೀಗಾಗುವುದಿಲ್ಲ ಅಕ್ಕಾ, ಇದೇ ಕಾನೂನು ಈಗ, ನಮ್ಮ ಕಾಲೇಜಿನಲ್ಲೂ ಇದನ್ನು ಓದಿಸ್ತಾರೆ ಎಂದಳು.

"ದೊಡ್ಡಕ್ಕ?" ಎಂದಳು ಚಿಕ್ಕಕ್ಕ.

ವಕೀಲಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ಪಾಠ ಮುಗಿದಿದೆ ಅಕ್ಕಾ. ಉಳಿದದ್ದನ್ನ ಕೊಡ್ತಾರೆ."

ಉಳಿದದ್ದು ಒಂದು ಮರದ ಪೆಟ್ಟಿಗೆಯಲ್ಲಿತ್ತು. ಮೊಳೆ ಹೊಡೆದು ಮುಚ್ಚಿದ್ದರು. ಕಾಲೇಜಿನ ಕಚೇರಿಯಲ್ಲಿ, ಗುಮಾಸ್ತನ ಮೇಜಿನ ಪಕ್ಕದ ನೆಲದ ಮೇಲೆ ಇಟ್ಟಿದ್ದರು. ಚಿಕ್ಕಕ್ಕನ ಜೊತೆ ಒಗೆಯುವ ಹೆಂಗಸರು ನಾಲ್ಕಾರು ಮಂದಿ ಬಂದಿದ್ದರು. ವಕೀಲಮ್ಮ ಇದ್ದಳು. ಗುಮಾಸ್ತ ಒಂದು ಕಾಗದ ಮುಂದಿಟ್ಟು, ಇಲ್ಲಿ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡು ಹೋಗು ಎಂದ.

ಏನು ಬರೆದಿದೆ ಓದಿ ಎಂದಳು ಚಿಕ್ಕಕ್ಕ.

ಅವನು ಬೇಸರದಿಂದ ಓದಿದ. "ಶವವನ್ನು ಪೂರ್ಣವಾಗಿ, ಯಾವುದೇ ತಕರಾರಿಲ್ಲದೆ ಪಡೆದುಕೊಂಡಿದ್ದೇನೆ."

ಚಿಕ್ಕಕ್ಕ ಪೆಟ್ಟಿಗೆಯನ್ನು ನೋಡಿದಳು. ಅದು ಅವಳ ಮೊಣಕಾಲಿನೆತ್ತರವೂ ಇರಲಿಲ್ಲ.

"ತಕರಾರಿದೆ," ಎಂದಳು.

"ಏನಮ್ಮಾ?"

"ಪೂರ್ತಿ ಇಲ್ಲ. ತಕರಾರಿದೆ. ಹಾಗಂತ ಬರೀರಿ, ಒತ್ತುತೀನಿ."

ಇದು ಎಲ್ಲರಿಗೂ ಒಂದೇ ನಮೂನೆ, ಅಚ್ಚಾದ ಮಾತನ್ನು ತಿದ್ದುವ ಅಧಿಕಾರ ನನಗಿಲ್ಲ, ಒತ್ತದಿದ್ದರೆ ಕೊಡಲು ಬರುವುದಿಲ್ಲ ಎಂದ ಗುಮಾಸ್ತ. ವಕೀಲಮ್ಮ ಅವಳ ಕಿವಿಯಲ್ಲಿ, ಒತ್ತಿಬಿಡಿ ಅಕ್ಕಾ, ಮೊದಲು ಅವರನ್ನ ಇಲ್ಲಿಂದ ಕರೆದುಕೊಂಡು ಹೋಗೋಣ, ಈ ಮಾತಿಗೆ ಆಮೇಲೆ ಬೇಕಾದರೆ ಇನ್ನೊಂದು ಅರ್ಜಿ ಹಾಕ್ತೀನಿ ಎಂದಳು. ಅವಳು ಅದನ್ನು ಒಳ್ಳೆಯದಕ್ಕೇ ಹೇಳಿದ್ದು. ಚಿಕ್ಕಕ್ಕನಿಗೆ ಅದು ಗೊತ್ತಿತ್ತು.

"ಇಷ್ಟು ವರ್ಷ ಹೇಳಿದ ಕಡೆಯಲ್ಲೆಲ್ಲ ಒತ್ತಿದೀನಿ ವಕೀಲಮ್ಮ. ಇದಕ್ಕೆ ಒತ್ತಲ್ಲ. ನನ್ನ ಅಕ್ಕನ ಮೇಲೆ ಸುಳ್ಳು ಹೇಳಿ ಅವಳನ್ನ ಬಿಡಿಸ್ಕೊಂಡು ಹೋಗಲ್ಲ."

ಬಗ್ಗಿದಳು. ಪೆಟ್ಟಿಗೆಗೆ ಎರಡೂ ಕೈ ಹಾಕಿದಳು. ನೆನೆದ ಹಾಸಿಗೆ ಬಟ್ಟೆಯ ಗಂಟು ಎತ್ತಿ ಪಳಗಿದ ಕೈಗಳು ಭಾರಕ್ಕೆ ಸಿದ್ಧವಾಗಿಯೇ ಎತ್ತಿದವು. ಭಾರ ಇರಲಿಲ್ಲ. ಹಿಂದಕ್ಕೆ ಮುಗ್ಗರಿಸಿದಳು. ಹೆಂಗಸರು ಬೆನ್ನಿಗೆ ಕೈ ಕೊಟ್ಟರು.

ಗುಮಾಸ್ತ ಎದ್ದು ನಿಂತ. ಹೀಗೆ ಒಯ್ಯುವಂತಿಲ್ಲ, ಇದು ಕಳ್ಳತನ ಆಗುತ್ತದೆ ಎಂದ. ಆಗಲಿ ಎಂದಳು ಚಿಕ್ಕಕ್ಕ. ಬಾಗಿಲ ಕಡೆ ನಡೆದಳು. ಅವಳ ಹಿಂದೆ ಹೆಂಗಸರು ನಡೆದರು. ವಕೀಲಮ್ಮ ಒಂದು ಗಳಿಗೆ ಆ ಕಾಗದವನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಅವಳೂ ಬಂದು ಪೆಟ್ಟಿಗೆಯ ಒಂದು ಮೂಲೆ ಹಿಡಿದಳು. ಕಾರಿಡಾರಿನಲ್ಲಿ ಬಿಳಿ ಕೋಟಿನ ಹುಡುಗ ಹುಡುಗಿಯರು ಎದುರಾದರು. ಪೆಟ್ಟಿಗೆ ನೋಡಿ ಗೋಡೆಗೆ ಸರಿದು ನಿಂತರು. ಒಬ್ಬ ಹುಡುಗಿ ಕೈಯಲ್ಲಿದ್ದ ಪುಸ್ತಕವನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಯಾರೂ ತಡೆಯಲಿಲ್ಲ.

ಮಸಣದಲ್ಲಿ ಗುಂಡಿ ತೋಡುವವನಿಗೆ ಹಿಂದಿನ ದಿನವೇ ಹೇಳಿದ್ದರು. ಹೆಣ ಎಂದು ಹೇಳಿದ್ದರಿಂದ ಅವನು ಆಳುದ್ದದ ಗುಂಡಿ ತೋಡಿದ್ದ, ಅಂಚು ಸವರಿ, ತಳ ಸಮ ಮಾಡಿ. ಪೆಟ್ಟಿಗೆ ಇಳಿಸಿದರೆ ಅದು ಒಂದು ಮೂಲೆಯಲ್ಲಿ ಕೂತಿತು. ಉಳಿದದ್ದೆಲ್ಲ ಖಾಲಿ. ಅವನು ಮೇಲಿನಿಂದ ನೋಡಿ, ಪೆಟ್ಟಿಗೆ ಚಿಕ್ಕದಿದೆಯಲ್ಲಮ್ಮ, ಮೊದಲೇ ಹೇಳಿದ್ದರೆ ಸಣ್ಣದು ತೋಡ್ತಿದ್ದೆ, ಈಗಲೂ ಈ ಬದಿ ಸ್ವಲ್ಪ ತುಂಬಿ ಚಿಕ್ಕದು ಮಾಡಿಕೊಡಲಾ ಎಂದು ಕೇಳಿದ.

ಚಿಕ್ಕಕ್ಕ ಗುಂಡಿಗೆ ಇಳಿದಳು. ಪೆಟ್ಟಿಗೆಯನ್ನು ಮೂಲೆಯಿಂದ ಎತ್ತಿ ನಡುವೆ ಇಟ್ಟಳು. ಎದೆ ಇರಬೇಕಾದ ಜಾಗದಲ್ಲಿ. ತಲೆಯ ಕಡೆ ಮಣ್ಣನ್ನು ಅಂಗೈಯಿಂದ ಸವರಿದಳು. ಕಾಲಿನ ಕಡೆಯೂ ಸವರಿದಳು.

"ಬೇಡಪ್ಪ," ಎಂದಳು. "ಅವಳ ಅಳತೆಗೇ ಇರಲಿ."